ಗ್ಯಾಸ್ ಹೋಗಿಲ್ಲ, ಗಾಳಿ ನಿಂತಿದೆ

"ಗ್ಯಾಸ್ ಹೋಗಿರ್ಬೇಕು ಕಣ್ರೀ, ತುಂಬ್ಸಿ ಕೊಡಿ." ಶಿವಮೊಗ್ಗದ ವಿನೋಬನಗರವಾಗಲಿ, ಭದ್ರಾವತಿಯ ನ್ಯೂಟೌನ್ ಆಗಲಿ, ಫ್ರಿಜ್ ರಿಪೇರಿಗೆ ಹೋದ ಮನೆಯಲ್ಲಿ ಮೊದಲು ಕೇಳುವ ಮಾತು ಇದೇ. ಗ್ಯಾಸು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಎಲ್ಲಾದರೂ ತೂತು ಬಿದ್ದು ಸೋರಬೇಕೇ ಹೊರತು, ಅಡುಗೆ ಸಿಲಿಂಡರಿನ ಹಾಗೆ ಬಳಸಿ ಬಳಸಿ ತೀರುವುದಿಲ್ಲ. ಹಾಗಾಗಿ ನಾನು ಗೇಜ್ ಬಿಚ್ಚುವ ಮುಂಚೆ ಬಾಗಿಲು ತೆರೆದು, ಒಳಗೆ ಗಾಳಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಹುಡುಕುತ್ತೇನೆ.

ನಮ್ಮಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. 1923ರಲ್ಲಿ ಕುಲುಮೆ ಹೊತ್ತಿಸಿದ ಊರಿನಲ್ಲಿ ಚಿಮಣಿ ನೋಡದೆ ಬೆಳೆದವರಿಲ್ಲ. ಬಿಸಿ ಗಾಳಿ ಹಿಗ್ಗಿ ಹಗುರಾಗುತ್ತದೆ, ಸುತ್ತಲಿನ ಭಾರದ ಗಾಳಿ ಬುಡದಿಂದ ನುಗ್ಗಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಚಿಮಣಿ ನಡೆಯುವುದೇ ಹಾಗೆ. ಸಿಂಗಲ್ ಡೋರ್ ಫ್ರಿಜ್ಜಿನೊಳಗೆ ಇದೇ ಲೆಕ್ಕ ತಲೆಕೆಳಗು. ಫ್ರೀಜರ್ ಮೇಲಿದೆ. ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ ಕೆಳಗಿಳಿಯುತ್ತದೆ. ಪಾತ್ರೆಗಳ ಬಿಸಿ ಹೀರಿಕೊಂಡು ಹಗುರಾಗಿ ಮತ್ತೆ ಮೇಲೇರುತ್ತದೆ. ಕರೆಂಟಿನ ಫ್ರಿಜ್ ಬರುವ ಮೊದಲು ಅಮೆರಿಕದ ಮನೆಗಳಲ್ಲಿದ್ದ ಮರದ ಐಸ್ ಪೆಟ್ಟಿಗೆಗಳಲ್ಲೂ ಮಂಜುಗಡ್ಡೆಯನ್ನು ಸಾಮಾನ್ಯವಾಗಿ ಮೇಲಿನ ಅರೆಯಲ್ಲೇ ಇಡುತ್ತಿದ್ದರು.

ಈ ತಳ್ಳಾಟಕ್ಕೆ ಬಲ ತೀರಾ ಕಡಿಮೆ. ಒಂದು ಘನ ಮೀಟರ್ ಗಾಳಿ 30 ಡಿಗ್ರಿಯಲ್ಲಿ ಸುಮಾರು 1.16 ಕೆ.ಜಿ. ತೂಗಿದರೆ, 4 ಡಿಗ್ರಿಯಲ್ಲಿ 1.27 ಕೆ.ಜಿ. ಫ್ರಿಜ್ಜಿನೊಳಗೆ ಮೇಲಿನ ತಟ್ಟೆಗೂ ಕೆಳಗಿನದಕ್ಕೂ ಇರುವುದು ಕೆಲವೇ ಡಿಗ್ರಿ ಅಂತರ. ಅಷ್ಟರಲ್ಲಿ ನಡೆಯುವ ಗಾಳಿಯನ್ನು ತಡೆಯಲು ಗೋಡೆ ಬೇಕಿಲ್ಲ, ಹೂವಿನ ಚಿತ್ತಾರದ ಒಂದು ಪ್ಲಾಸ್ಟಿಕ್ ಶೀಟು ಸಾಕು. ತಂತಿಯ ತಟ್ಟೆ ಗಲೀಜಾಗಬಾರದೆಂದು ಅಂಚಿನಿಂದ ಅಂಚಿಗೆ ಹಾಸಿಬಿಡುತ್ತಾರೆ. ತಂತಿಗಳ ನಡುವೆ ಸಂದು ಬಿಟ್ಟಿರುವುದೇ ಗಾಳಿ ಇಳಿಯಲಿ ಅಂತ. ಹಾಸಿದರೆ ಮೇಲೆ ಹಾಲಿನ ಪ್ಯಾಕೆಟ್ ಗಡ್ಡೆ ಕಟ್ಟುತ್ತದೆ, ಕೆಳಗೆ ದೋಸೆ ಹಿಟ್ಟು ಹುಳಿ ಬರುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಹವೆ! ಶೀಟು ತೆಗೆದರೆ ಮಾರನೇ ದಿನಕ್ಕೆ ಸರಿ. ಶೀಟು ತೆಗೆದಿದ್ದಕ್ಕೆ ದುಡ್ಡು ಕೇಳಲು ಮಾತ್ರ ನಾಲಿಗೆ ಏಳುವುದಿಲ್ಲ. ಕಾಫಿ ಕುಡಿದು ಎದ್ದು ಬರುತ್ತೇನೆ.

ಡಬಲ್ ಡೋರಿನ ಕಥೆ ಬೇರೆ. ಅದರಲ್ಲಿ ಫ್ರೀಜರಿನ ಹಿಂದಿನ ಫ್ಯಾನು ತಂಪನ್ನು ಕಿಂಡಿಗಳ ಮೂಲಕ ಕೆಳಕ್ಕೆ ಊದುತ್ತದೆ. ಆ ಕಿಂಡಿಗೆ ಒತ್ತಿ ದೊಡ್ಡ ಡಬರಿ ಇಟ್ಟರೆ ಅದೇ ತಡೆ. ಕಿಂಡಿಯೆದುರು ಇಟ್ಟ ಕೊತ್ತಂಬರಿ ಸೊಪ್ಪು ಹೆಪ್ಪುಗಟ್ಟಿ ಕಪ್ಪಾಗುವುದೂ ನೇರ ಬಡಿಯುವ ಆ ತಂಪಿನಿಂದಲೇ. ಮೇಲೆ ಐಸು ಚೆನ್ನಾಗಿದ್ದು ಕೆಳಗೆ ಬೆಚ್ಚಗಿದ್ದರೆ, ಬಹಳ ಸಲ ಮಂಜು ಕರಗಿಸುವ ಹೀಟರ್ ಕೆಟ್ಟು ಗಾಳಿಯ ದಾರಿಯೊಳಗೇ ಮಂಜು ಕಟ್ಟಿರುತ್ತದೆ.

ಗಾಳಿ ಕಣ್ಣಿಗೆ ಕಾಣಬೇಕೆಂದರೆ ಬಾಗಿಲು ತೆರೆದು ಒಂದು ಊದುಬತ್ತಿ ಹಿಡಿಯಿರಿ. ಮೇಲಿನಂಚಿನಲ್ಲಿ ಹೊಗೆ ಒಳಕ್ಕೆ ಹೋಗುತ್ತದೆ, ಕೆಳಗಿನಂಚಿನಲ್ಲಿ ಹೊರಕ್ಕೆ ಬಾಗಿ ನಿಮ್ಮ ಕಾಲಿನ ಕಡೆ ಹರಿಯುತ್ತದೆ. (ಗ್ಯಾಸ್ ಸೋರುವ ಅನುಮಾನವಿದ್ದರೆ ಈ ಆಟ ಬೇಡ. ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿರುವ ಐಸೋಬ್ಯೂಟೇನ್ ಹೊತ್ತಿಕೊಳ್ಳುವ ಅನಿಲ.) ಗಾಂಧಿ ಬಜಾರಿನ ಅಂಗಡಿಗಳ ಐಸ್‌ಕ್ರೀಮ್ ಪೆಟ್ಟಿಗೆಗೆ ಮುಚ್ಚಳ ಮೇಲಿರುವುದು ಈ ಕಾರಣಕ್ಕೇ: ಎಷ್ಟು ಸಲ ತೆರೆದರೂ ಭಾರದ ಗಾಳಿ ತಳದಲ್ಲೇ ಉಳಿಯುತ್ತದೆ. ಮನೆಯ ಫ್ರಿಜ್ ಮುಚ್ಚಿದ ತಕ್ಷಣ ಮತ್ತೆ ತೆರೆಯಲು ಹೋದರೆ ಬಾಗಿಲು ಬಿಗಿ ಹಿಡಿಯುವುದನ್ನು ನೀವೂ ನೋಡಿರುತ್ತೀರಿ. ಆಗಷ್ಟೇ ನುಗ್ಗಿದ ಬೆಚ್ಚನೆ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ಬಾಗಿಲ ರಬ್ಬರ್ ಚೆನ್ನಾಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಬಾಗಿಲು ತೆರೆದಿದ್ದಕ್ಕೆ ಮಕ್ಕಳನ್ನು ಬೈಯುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 190 ಲೀಟರ್ ಫ್ರಿಜ್ಜಿನೊಳಗಿನ ಗಾಳಿಯನ್ನೆಲ್ಲ ಸೇರಿಸಿದರೂ ಸುಮಾರು ಕಾಲು ಕೆ.ಜಿ. ಅದಷ್ಟೂ ಹೋಗಿ ಹೊರಗಿನ ಗಾಳಿ ತುಂಬಿಕೊಂಡರೂ ತಂಪು ಮಾಡುವುದು ದೊಡ್ಡ ಕೆಲಸವಲ್ಲ. ಒಲೆಯಿಂದಿಳಿಸಿದ ಎರಡು ಲೀಟರ್ ಬಿಸಿ ಸಾರನ್ನು ತಣ್ಣಗೆ ಮಾಡಲು ಅದರ ನೂರರಷ್ಟು ಶಾಖ ಹೊರಹಾಕಬೇಕು! ಆದರೆ ನಮ್ಮದು ಮಲೆನಾಡಿನ ಸೆರಗು. ಆಷಾಢದ ಜಡಿಮಳೆಯಲ್ಲಿ ಗಾಳಿಯ ಜೊತೆ ತೇವವೂ ಒಳಗೆ ಬರುತ್ತದೆ, ಅದನ್ನು ನೀರಾಗಿಸಲು ಗಾಳಿ ತಂಪು ಮಾಡಿದಷ್ಟೇ ಅಥವಾ ಇನ್ನೂ ಹೆಚ್ಚು ಶ್ರಮ ಬೇಕು. ಆ ನೀರೇ ಫ್ರೀಜರಿನ ಮೇಲೆ ಮಂಜಿನ ಪದರ ಕಟ್ಟುತ್ತದೆ. ದಪ್ಪ ಮಂಜೆಂದರೆ ತಂಪಿಗೆ ಹೊದಿಸಿದ ಕಂಬಳಿ ಇದ್ದಂತೆ. ಡಿಫ್ರಾಸ್ಟ್ ಬಟನ್ ಒತ್ತಿ ಕರಗಿಸಿ, ಚಾಕು ಹಾಕಿ ಕೆರೆಯಬೇಡಿ. ತೂತು ಬಿದ್ದರೆ ಆಗ ನಿಜಕ್ಕೂ ಗ್ಯಾಸ್ ಹೋಗುತ್ತದೆ.

ಒಳಗಿಂದ ತೆಗೆದ ಬಿಸಿ ಹೊರಗೆ ಹೋಗಲೇಬೇಕಲ್ಲ. ಹಳೆ ಫ್ರಿಜ್ಜುಗಳ ಬೆನ್ನಿನ ಕಪ್ಪು ಜಾಲರಿಯಲ್ಲಿ ಅದೇ ಬಿಸಿ, ಅದನ್ನು ಹೊತ್ತ ಗಾಳಿ ಗೋಡೆಗುಂಟ ಮೇಲೇರುತ್ತದೆ. ಹೊಸ ಮಾದರಿಗಳು ಹಲವು ಆ ಕೊಳವೆಯನ್ನು ಪಕ್ಕದ ತಗಡಿನೊಳಗೆ ಅಡಗಿಸಿಕೊಂಡಿರುತ್ತವೆ, ಮುಟ್ಟಿದರೆ ಬಿಸಿ ತಾಗುವುದು ಸಹಜ. ಕ್ವಾರ್ಟರ್ಸಿನ ಸಣ್ಣ ಅಡುಗೆಮನೆಗಳಲ್ಲಿ ಫ್ರಿಜ್ಜನ್ನು ಮೂಲೆಗೆ ಒತ್ತಿ, ಒಂದು ಪಕ್ಕ ಅಕ್ಕಿ ಡ್ರಮ್ಮು, ಮೇಲೆ ಹಪ್ಪಳದ ಡಬ್ಬ ಇಟ್ಟಿರುತ್ತಾರೆ. ಗೋಡೆಯಿಂದ ಗೇಣಗಲ ಜಾಗ ಬಿಡಿ ಅನ್ನುತ್ತೇನೆ.

"ಜಾಗ ಎಲ್ಲಿದೆ ತಮ್ಮಾ, ನೀನೇ ತೋರ್ಸು" ಅಂತಾರೆ.