ಕೀಲಿಮಣೆಯ ಹಿಂದಿನ ಲೆಕ್ಕಾಚಾರ

ಗಣಕಯಂತ್ರದ ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಕೀಲಿಗಳು 26. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಅವೇ ಮತ್ತೆ 26 ಆಗುತ್ತವೆ. ಅಂತೂ ನಮಗೆ ದೊರೆಯುವ ಸ್ಥಾನಗಳು 52. ಇನ್ನು ಕನ್ನಡದ ಕಡೆ ತಿರುಗೋಣ. ಒಂದು ವ್ಯಂಜನ, ಅದಕ್ಕೊಂದು ಒತ್ತು, ಆ ಮೇಲೊಂದು ಸ್ವರ: ಇಷ್ಟನ್ನು ಮಾತ್ರ ಗಣನೆಗೆ ತೆಗೆದುಕೊಂಡರೂ 34×34×13, ಎಂದರೆ 15,028 ರೂಪಗಳು ಸಾಧ್ಯವಾಗುತ್ತವೆ. ಇವುಗಳಲ್ಲಿ ಬಹುಪಾಲು ಯಾವ ಪದದಲ್ಲಿಯೂ ಬಾರವು ಎಂಬುದು ನಿಜ; ಆದರೆ ಬಳಕೆಯಲ್ಲಿರುವವೇ ನೂರಾರು. ಇಷ್ಟನ್ನು ಐವತ್ತೆರಡು ಸ್ಥಾನಗಳಲ್ಲಿ ಅಡಗಿಸುವ ಬಗೆ ಹೇಗೆ?

ಪ್ರೋಗ್ರಾಮ್ ಬರೆಯಬಲ್ಲವನಿಗೆ ಒಡನೆಯೇ ಯಂತ್ರದ ಮುಂದೆ ಕುಳಿತುಬಿಡುವ ಆತುರ ಇರುತ್ತದೆ. ಈ ಪ್ರಶ್ನೆಗಾದರೋ ಉತ್ತರ ಯಂತ್ರದಲ್ಲಿಲ್ಲ. ಅದು ನಮ್ಮ ವರ್ಣಮಾಲೆಯಲ್ಲಿದೆ. ಸ್ವರಗಳು 13, ಯೋಗವಾಹಗಳು 2, ವ್ಯಂಜನಗಳು 34, ಒಟ್ಟು 49. ಇವುಗಳಿಗೆ ಒತ್ತನ್ನು ಕೂಡಿಸುವ ಕೊಂಡಿಯೊಂದನ್ನು ಸೇರಿಸಿದರೆ 50. ಐವತ್ತೆರಡರಲ್ಲಿ ಐವತ್ತು ಹಿಡಿಸಿ ಎರಡು ಸ್ಥಾನ ಮಿಕ್ಕವು! ಲಿಪಿಯ ಆಕಾರಗಳನ್ನು ಬಿಟ್ಟು ಭಾಷೆಯ ಧ್ವನಿಗಳನ್ನು ಹಿಡಿದರೆ ಸಮಸ್ಯೆಯೇ ಕರಗುತ್ತದೆ. ದಕ್ಷಿಣ ಕನ್ನಡದ ಕಿನ್ನಿಕಂಬಳದಲ್ಲಿ ಹುಟ್ಟಿದ ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ತಿರುಳು ಇದೇ. ಅವರು ಅದರ ಮೇಲೆ ಹಕ್ಕು ಸಾಧಿಸದೆ ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಪ್ರಮಾಣವೆಂದು ಅಂಗೀಕರಿಸಿದ್ದೂ ಇದೇ ವಿನ್ಯಾಸದ ಆಧಾರದ ಮೇಲೆ.

ಇದರ ನಿಯಮಗಳನ್ನು ಸ್ವಲ್ಪ ಪರಿಶೀಲಿಸೋಣ. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್. ಹ್ರಸ್ವಕ್ಕೆ ಬರಿಯ ಕೀಲಿ, ದೀರ್ಘಕ್ಕೆ ಶಿಫ್ಟ್. ಇಷ್ಟರಿಂದಲೇ ಅರ್ಧ ಕೀಲಿಮಣೆ ಬಾಯಿಗೆ ಬಂದಂತೆ. ಸ್ವರಕ್ಕೂ ಅದರ ಗುಣಿತಚಿಹ್ನೆಗೂ ಒಂದೇ ಕೀಲಿ: ಹಿಂದೆ ವ್ಯಂಜನವಿದ್ದರೆ ಗುಣಿತ, ಇಲ್ಲವಾದರೆ ಪೂರ್ಣ ಸ್ವರ. ಇದರಿಂದ ಗೊಂದಲವಾಗದೆ? ಬಹುಮಟ್ಟಿಗೆ ಆಗದು. ಕನ್ನಡ ಪದದ ನಡುವೆ ಶುದ್ಧ ಸ್ವರ ಬರುವುದು ವಿರಳ. ಅಂಥ ಎಡೆಯಲ್ಲಿ ಆಗಮಸಂಧಿಯು ಯಕಾರವನ್ನೋ ವಕಾರವನ್ನೋ ತಂದು ನಿಲ್ಲಿಸುತ್ತದೆ. ಕೇಶಿರಾಜನ ಕಾಲದಿಂದ ವ್ಯಾಕರಣದಲ್ಲಿ ನಾವು ಓದುತ್ತ ಬಂದ ಸಂಧಿ ಹೀಗೆ ಯಂತ್ರಶಿಲ್ಪಕ್ಕೆ ಒದಗಿದೆ. ಕೊಂಡಿಗೆ 'ಎಫ್', ಟಕಾರಕ್ಕೆ 'ಕ್ಯೂ', ಡಕಾರಕ್ಕೆ 'ಡಬ್ಲ್ಯೂ' ಎಂಬಂಥ ಕೆಲವನ್ನು ಮಾತ್ರ ಕಂಠಪಾಠ ಮಾಡಬೇಕು. ಎಡಗೈಯ ಕಿರುಬೆರಳಿಗೆ ಟಕಾರವನ್ನು ಹೊರಿಸಿದ್ದು ನನಗೇನೋ ಅಷ್ಟಾಗಿ ಒಪ್ಪಿಗೆಯಿಲ್ಲ. ಆದರೆ ಬೇರೆಲ್ಲಿ ಇಡಬಹುದಿತ್ತೆಂದು ಕೇಳಿದರೆ ಉತ್ತರ ಸುಲಭವಲ್ಲ.

ನಮ್ಮ ಊರಿನ ಹೆಸರನ್ನೇ ಬರೆದು ನೋಡಬಹುದು. 'ಹೊನ್ನಾಳಿ' ಎನ್ನಲು ಹ, ಒ, ನ, ಕೊಂಡಿ, ನ, ಆ, ಳ, ಇ ಎಂದು 8 ಕೀಲಿಗಳು ಬೇಕು. ಇದಕ್ಕೆ ಪ್ರತಿಯಾಗಿ ಇಂಗ್ಲಿಷ್ ಕಾಗುಣಿತದಂತೆ ಬರೆಯುವ ಲಿಪ್ಯಂತರ ಪದ್ಧತಿಯೊಂದುಂಟು. ಅದರಲ್ಲಿ ಕೊಂಡಿ ಬೇಡ, 7 ಸಾಕು. ಆದರೆ ಪ್ರತಿಯೊಂದು ಅಕಾರವನ್ನೂ ಒತ್ತಬೇಕು. 'ಕನಕ' ಎಂಬುದು ರಾವ್ ಅವರ ಪದ್ಧತಿಯಲ್ಲಿ 3 ಕೀಲಿ, ಲಿಪ್ಯಂತರದಲ್ಲಿ 6. ಯಾವುದು ಮೇಲು? ವಾದದಿಂದ ತೀರ್ಮಾನವಾಗುವ ಮಾತಲ್ಲ, ಎಣಿಸಬೇಕು. ಪ್ರತಿ ಧ್ವನಿಗೆ ಒಂದೇ ಕೀಲಿ ಎಂದಿಟ್ಟುಕೊಂಡು 'ಹೊನ್ನಾಳಿ ತುಂಗಭದ್ರಾ ನದಿಯ ದಡದಲ್ಲಿದೆ' ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಮೊದಲನೆಯದರಲ್ಲಿ 30, ಎರಡನೆಯದರಲ್ಲಿ 34. ಕಾರಣ ಸ್ಪಷ್ಟ: ಇದರಲ್ಲಿ ಅಕಾರಾಂತ ಅಕ್ಷರಗಳು 7, ಒತ್ತುಗಳು 3, ವ್ಯತ್ಯಾಸ 4. ಆದರೆ 'ಟ್ರ್ಯಾಕ್ಟರ್' ಎಂಬ ಪದವನ್ನು ಬರೆಯಿರಿ: ಮೊದಲನೆಯದರಲ್ಲಿ 11, ಎರಡನೆಯದರಲ್ಲಿ 8! ಹಾಗಾದರೆ ಕವಿತೆ ಬರೆಯುವವನ ಅನುಕೂಲ ಬೇರೆ, ಯಂತ್ರೋಪಕರಣಗಳ ಅಂಗಡಿಯ ರಸೀದಿ ಬರೆಯುವವನ ಅನುಕೂಲ ಬೇರೆ. ಬಳಸುವವನು ಯಾರೆಂಬುದನ್ನು ಮೊದಲು ಕೇಳದೆ 'ಸುಲಭ' ಎಂಬ ಮಾತಿಗೆ ಅರ್ಥವೇ ಇಲ್ಲ. ಭಾರತ ಸರ್ಕಾರದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಮತ್ತೊಂದು ಅನುಕೂಲವನ್ನು ಗುರಿಯಾಗಿಟ್ಟುಕೊಂಡಿತು. ಅದರಲ್ಲಿ ಕನ್ನಡ ಕಲಿತ ಬೆರಳುಗಳೇ ದೇವನಾಗರಿಯನ್ನೂ ಬರೆಯಬಲ್ಲವು.

ಹಳೆಯ ಬೆರಳಚ್ಚು ಯಂತ್ರದಲ್ಲಿ ಪಳಗಿದವರಿಗೆ ಇನ್ನೊಂದು ತೊಡಕು. 'ಸೂರ್ಯ' ಎಂಬಲ್ಲಿ ಅರ್ಕಾವೊತ್ತು ಕಾಗದದ ಮೇಲೆ ಯಕಾರದ ಬಲಕ್ಕೆ ಬರುತ್ತದೆ. ಕಿವಿಗೆ ರಕಾರವೇ ಮೊದಲು ಕೇಳುತ್ತದೆ. ಕೀಲಿ ಅನುಸರಿಸಬೇಕಾದುದು ಕಣ್ಣನ್ನೋ ಕಿವಿಯನ್ನೋ? ರಾವ್ ಅವರದು ಕಿವಿಯ ಪಕ್ಷ. 1991ರಲ್ಲಿ ಕನ್ನಡಕ್ಕೆ ಎಡೆಕೊಟ್ಟ ಯೂನಿಕೋಡ್ ಸಂಕೇತಮಾಲೆಯೂ ಅದೇ ಪಕ್ಷ. 'ಹೊನ್ನಾಳಿ'ಗೆ ಅದು ಕೂಡಿಡುವ ಸಂಕೇತಗಳು ಸರಿಯಾಗಿ 8.

ಕಣ್ಣಿನ ಪಕ್ಷ ಹಿಡಿದುದರ ಬೆಲೆ ಸಣ್ಣದಾಗಿರಲಿಲ್ಲ. ಹಿಂದಿನ ಅನೇಕ ಕನ್ನಡ ತಂತ್ರಾಂಶಗಳು ಅಕ್ಷರಗಳನ್ನಲ್ಲ, ತಲೆಕಟ್ಟು ಒತ್ತುಗಳಂಥ ತುಣುಕುಗಳ ಆಕಾರಗಳನ್ನು 256 ಸ್ಥಾನಗಳ ಅಚ್ಚುಮೊಳೆಗಳಲ್ಲಿ ತುಂಬಿ, ಆ ಸಂಖ್ಯೆಗಳನ್ನೇ ಕಡತಗಳಲ್ಲಿ ಕೂಡಿಟ್ಟವು. ಕಾಗದದ ಮೇಲೆ ಅಚ್ಚು ಅಂದವಾಗಿ ಮೂಡಿತು. ಆದರೆ ಆ ಅಚ್ಚುಮೊಳೆ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಂಡಿತು. ಹುಡುಕಿದರೆ ಊರ ಹೆಸರೂ ಸಿಕ್ಕದು. ಅಂಥ ಕಡತಗಳನ್ನು ಯೂನಿಕೋಡಿಗೆ ಮಾರ್ಪಡಿಸಲೆಂದೇ ಬೇರೆ ತಂತ್ರಾಂಶಗಳನ್ನು ಬರೆಯಬೇಕಾಯಿತು.

ಮೂಲವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶ ಎಂದು ಹೆಸರು. ಬೆಲೆಯಿಲ್ಲದ್ದೆಲ್ಲ ಮುಕ್ತವಲ್ಲ. ಇವುಗಳ ಮೇಲೆ ಹಳೆಯದೊಂದು ದೂರುಂಟು: ಬರೆದವನಿಗೆ ಸುಲಭ, ಬಳಸುವವನಿಗೆ ಕಷ್ಟ. ಬರೆದವನೇ ಮೊದಲ ಬಳಕೆದಾರನಾಗಿರುವುದರಿಂದ ಇದು ಸಹಜ. ಕೀಲಿಮಣೆಯ ವಿಷಯದಲ್ಲಿ ಈ ದೂರನ್ನು ಕಳೆಯಲು ಒಂದು ಉಪಾಯವಿದೆ. ವಿಕಿಪೀಡಿಯದಲ್ಲಿ ಬಳಸುವ ಮುಕ್ತ ತಂತ್ರಾಂಶದಲ್ಲಿ ರಾವ್ ಅವರ ವಿನ್ಯಾಸವು 'ಈ ಕೀಲಿಗೆ ಈ ಅಕ್ಷರ' ಎಂಬ ನಿಯಮಗಳ ಪಟ್ಟಿಯಾಗಿ ನಿಂತಿದೆ. ಕಾಗದದ ಮೇಲಿನ ಯೋಜನೆಯೇ ಬಹುಪಾಲು ಪ್ರೋಗ್ರಾಮ್! ಕನ್ನಡ ಲಿಪಿಯಲ್ಲಿ 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯದವರಿಗಾಗಲಿ ಬೇರೆಯವರಿಗಾಗಲಿ ಒಂದು ಚಿಹ್ನೆ ಹೆಚ್ಚಿಗೆ ಬೇಕಾದರೆ ಪಟ್ಟಿಗೆ ಒಂದು ಸಾಲು ಸೇರಿಸಿದರಾಯಿತು.

ವಿದ್ಯಾರ್ಥಿಗಳು ಯಂತ್ರವಿಲ್ಲದೆಯೇ ಇಂಥದೊಂದು ಯೋಜನೆಯನ್ನು ಪರೀಕ್ಷಿಸಬಹುದು. ರಟ್ಟಿನ ಮೇಲೆ 26 ಚೌಕಗಳನ್ನು ಬರೆದು, ನಿಯಮಗಳನ್ನು ಹೇಳಿ, ಗಣಕವನ್ನು ಕಾಣದ ಹಿರಿಯರೊಬ್ಬರಿಗೆ ತಮ್ಮ ಹೆಸರನ್ನು 'ಒತ್ತಲು' ತಿಳಿಸಿ. ಅವರ ಬೆರಳು ಎಲ್ಲಿ ತಡೆಯುತ್ತದೆಯೋ ಅಲ್ಲೊಂದು ಗುರುತು ಹಾಕಿ. ಆ ಮೇಲೆ ಅಳಿಸುವ ಕೀಲಿಯ ಪ್ರಶ್ನೆಯನ್ನೂ ಕೇಳಿ: 'ನ್ನಾ' ಎಂದು ಬರೆದು ಒಮ್ಮೆ ಅಳಿಸಿದರೆ ಹೋಗಬೇಕಾದುದು ದೀರ್ಘ ಮಾತ್ರವೋ, ಇಡೀ ಅಕ್ಷರವೋ? ಹತ್ತು ಜನರನ್ನು ಕೇಳಿ ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಅವು ಒಂದೇ ಆಗಿರಲಾರವು.