ಉಸಿರಿನೊಡನೆ ಒಳಹೋಗುವ ಮದ್ದು

ರಕ್ತದ ಒತ್ತಡವೆಂದರೆ ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಒತ್ತಡವೊಂದೇ ಎಂದು ನಮ್ಮಲ್ಲಿ ಬಹುಮಂದಿಯ ತಿಳಿವಳಿಕೆ. ಆದರೆ ನಮ್ಮ ದೇಹದಲ್ಲಿ ರಕ್ತಕ್ಕೆ ಎರಡು ಸಂಚಾರಗಳುಂಟು. ಹೃದಯದ ಎಡಭಾಗ ಮೈಗೆಲ್ಲ ರಕ್ತವನ್ನು ನೂಕುತ್ತದೆ. ಬಲಭಾಗ ಶ್ವಾಸಕೋಶಕ್ಕೆ ಮಾತ್ರ ನೂಕುತ್ತದೆ. ಈ ಎರಡನೆಯ ದಾರಿ ಹತ್ತಿರದ್ದು. ಅದಕ್ಕೆ ಹೆಚ್ಚಿನ ಬಲ ಬೇಡ. ಆರೋಗ್ಯವಂತರು ವಿಶ್ರಾಂತಿಯಲ್ಲಿರುವಾಗ ಅಲ್ಲಿನ ಸರಾಸರಿ ಒತ್ತಡ ಪಾದರಸದ ಸುಮಾರು 14 ಮಿಲಿಮೀಟರು. ಅದು 20ನ್ನು ಮೀರಿದರೆ ಶ್ವಾಸಕೋಶದ ಅಧಿಕ ರಕ್ತದೊತ್ತಡವೆಂದು ಇಂದಿನ ವೈದ್ಯರು ಗಣಿಸುತ್ತಾರೆ.

ಈ ಒತ್ತಡ ತೋಳಿನ ಪಟ್ಟಿಗೆ ಸಿಕ್ಕುವುದಲ್ಲ. ರಕ್ತನಾಳದೊಳಗೆ ಸಣ್ಣ ಕೊಳವೆಯೊಂದನ್ನು ಹೃದಯದ ಮೂಲಕ ಹಾಯಿಸಿ ಅಳೆದರೇ ಖಚಿತವಾಗಿ ತಿಳಿಯುವುದು. 1929ರಲ್ಲಿ ಜರ್ಮನಿಯ ಯುವ ವೈದ್ಯ ವೆರ್ನರ್ ಫೋರ್ಸ್‌ಮನ್ ಅಂಥ ಕೊಳವೆಯನ್ನು ತಮ್ಮ ತೋಳಿನ ನಾಳದಿಂದಲೇ ಹೃದಯದವರೆಗೆ ತೂರಿಸಿಕೊಂಡು, ಕ್ಷ-ಕಿರಣದ ಚಿತ್ರ ತೆಗೆಸಿದರು. 1956ರಲ್ಲಿ ಅವರಿಗೂ, ಈ ವಿಧಾನವನ್ನು ಬೆಳೆಸಿದ ಕೂರ್ನಾಂಡ್ ಮತ್ತು ರಿಚರ್ಡ್ಸ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು.

ಶ್ವಾಸಕೋಶದ ರೋಗದಿಂದಲೂ ಈ ಒತ್ತಡ ಏರುವುದುಂಟು. ಗಾಳಿಚೀಲಗಳ ನಡುವಣ ತೆಳುಭಾಗವು ಊದಿಕೊಂಡು, ನಾರುಗಟ್ಟಿ, ಬಿಗಿಯಾಗುವ ಕೆಲವು ರೋಗಗಳಿವೆ. ಅವುಗಳೊಡನೆ ರಕ್ತನಾಳಗಳೂ ಕಿರಿದಾದರೆ ಹೃದಯದ ಬಲಭಾಗ ದುಡಿದು ದುಡಿದು ಸೋಲುತ್ತದೆ. ಹಜಾರದಿಂದ ಹಿತ್ತಲಿಗೆ ಹೋಗುವಷ್ಟರಲ್ಲಿ ರೋಗಿಗೆ ಮೇಲುಸಿರು ಹತ್ತುತ್ತದೆ. ಅಂಥವರಿಗೆ ಆಯುಸ್ಸಿನ ಭರವಸೆಯೂ ಕಡಮೆ.

ಕಿರಿದಾದ ನಾಳವನ್ನು ಅಗಲ ಮಾಡುವ ಮದ್ದು ಕೊಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಇಲ್ಲಿಯೇ ತೊಡಕು. ಜಾಣನಾದ ರೈತನು ಪೈರಿರುವ ಗದ್ದೆಗೆ ನೀರು ಬಿಟ್ಟು, ಬೀಳುಬಿದ್ದ ಗದ್ದೆಯ ಕಡೆಯ ಮಡೆಯನ್ನು ಕಟ್ಟುತ್ತಾನಲ್ಲವೆ? ಶ್ವಾಸಕೋಶವೂ ಹಾಗೆಯೇ ಮಾಡುತ್ತದೆ. ಯಾವ ಭಾಗಕ್ಕೆ ಗಾಳಿ ಸರಿಯಾಗಿ ಬಾರದೋ ಆ ಭಾಗದ ರಕ್ತನಾಳಗಳು ಸಂಕೋಚಗೊಂಡು, ಗಾಳಿಯಾಡುವ ಕಡೆಗೆ ರಕ್ತವನ್ನು ತಿರುಗಿಸುತ್ತವೆ. ಇದನ್ನು 1946ರಲ್ಲಿ ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಎಂಬ ವಿಜ್ಞಾನಿಗಳು ಬೆಕ್ಕುಗಳಲ್ಲಿ ತೋರಿಸಿಕೊಟ್ಟರು. ನುಂಗಿದ ಮಾತ್ರೆಗೆ ಗದ್ದೆ ಯಾವುದು, ಬೀಳು ಯಾವುದು ಎಂಬ ವಿವೇಕವಿಲ್ಲ. ಅದು ಎಲ್ಲ ಮಡೆಗಳನ್ನೂ ತೆರೆದುಬಿಡಬಹುದು. ಆಗ ಗಾಳಿಯಿಲ್ಲದ ಕಡೆಗೂ ರಕ್ತ ಹರಿದು, ಪ್ರಾಣವಾಯುವನ್ನು ಪಡೆಯದೆಯೇ ಹಿಂದಿರುಗುತ್ತದೆ.

ಇದು ಬರಿಯ ಶಂಕೆಯಾಗಿ ಉಳಿಯಲಿಲ್ಲ. ರಿಯೋಸಿಗ್ವಾಟ್ ಎಂಬ ಮಾತ್ರೆಯನ್ನು ಇಂಥ ಕೆಲವು ರೋಗಗಳ 147 ಮಂದಿಯಲ್ಲಿ ಪರೀಕ್ಷಿಸಿದಾಗ, ಮಾತ್ರೆ ಪಡೆದವರಲ್ಲಿ ಸಾವೂ ಗಂಭೀರ ತೊಂದರೆಗಳೂ ಹೆಚ್ಚಾಗಿ ಕಂಡುವು. 2016ರಲ್ಲಿ ಆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಹಾಗಾದರೆ ಮದ್ದನ್ನು ಉಸಿರಿನೊಡನೆಯೇ ಕಳುಹಿಸಿದರೆ ಹೇಗೆ? ಗಾಳಿ ಹೋಗುವ ಕಡೆಗೇ ಮದ್ದೂ ಹೋದೀತು. ಅಲ್ಲಿಯ ನಾಳಗಳೇ ಅಗಲವಾದಾವು. ಇದೊಂದು ಸೊಗಸಾದ ತರ್ಕ. ಇದಕ್ಕೆ ಬೇಕಾದ ವಸ್ತುವಿನ ಸುಳಿವು ಹಿಂದೆಯೇ ದೊರೆತಿತ್ತು. ರಕ್ತನಾಳದ ಒಳಗೋಡೆ ತಾನೇ ತಯಾರಿಸುವ ಪ್ರೋಸ್ಟಸೈಕ್ಲಿನ್ ಎಂಬ ದ್ರವ್ಯವನ್ನು ಇಂಗ್ಲೆಂಡಿನಲ್ಲಿ ಜಾನ್ ವೇನ್, ಸಾಲ್ವಡಾರ್ ಮೊಂಕಾಡಾ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಪಡಿಸಿದ್ದರು. ಅದು ನಾಳವನ್ನು ಸಡಿಲಿಸುತ್ತದೆ. ಆದರೆ ಕೆಲವೇ ನಿಮಿಷಗಳಲ್ಲಿ ಕ್ಷಯಿಸುತ್ತದೆ. ಅದನ್ನು ಹೋಲುವ, ಹೆಚ್ಚು ಹೊತ್ತು ಬಾಳುವ ಟ್ರೆಪ್ರೋಸ್ಟಿನಿಲ್ ಎಂಬ ಕೃತಕ ಔಷಧ ಆಮೇಲೆ ಬಂದಿತು. ಶ್ವಾಸಕೋಶದ ರೋಗವಿಲ್ಲದೆ ಅಲ್ಲಿನ ಧಮನಿಗಳಿಗೇ ತಗಲುವ ರೋಗಕ್ಕೆ, ಅದನ್ನು ಮಂಜಿನಂತೆ ಸೇದಿಕೊಳ್ಳುವ ಚಿಕಿತ್ಸೆಗೆ 2009ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿತ್ತು.

ತರ್ಕ ಸೊಗಸಾದ ಮಾತ್ರಕ್ಕೆ ಮದ್ದು ಫಲಿಸಿತೆಂದು ಹೇಳಲಾಗದು. ಆದ್ದರಿಂದ ‘ಇಂಕ್ರೀಸ್’ ಎಂಬ ಹೆಸರಿನ ಪರೀಕ್ಷೆಯೊಂದನ್ನು ಅಮೆರಿಕದಲ್ಲಿ ಕೈಗೊಂಡರು. ನಾರುಗಟ್ಟುವ ಬಗೆಯ ಶ್ವಾಸಕೋಶದ ರೋಗವಿದ್ದು, ಕೊಳವೆಯ ಪರೀಕ್ಷೆಯಲ್ಲಿ ಒತ್ತಡವೂ ಖಚಿತವಾಗಿದ್ದ 326 ಮಂದಿಯನ್ನು ಆರಿಸಿ, ಚೀಟಿ ಎತ್ತಿದಂತೆ 163ರ ಎರಡು ಪಂಗಡ ಮಾಡಿದರು. ಒಂದಕ್ಕೆ ಮದ್ದು, ಇನ್ನೊಂದಕ್ಕೆ ನೋಟದಲ್ಲಿ ಹಾಗೆಯೇ ಇರುವ, ಮದ್ದಿಲ್ಲದ ಮಂಜು. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಹೆಚ್ಚೆಂದರೆ ಹನ್ನೆರಡು ಉಸಿರು. ಹೀಗೆ 16 ವಾರ.

ರೋಗಿಗೆ ಹುಸಿಮದ್ದು ಕೊಡುವುದು ನ್ಯಾಯವೆ ಎಂಬ ಪ್ರಶ್ನೆ ಏಳುವುದು ಸಹಜ. ರೋಗಿಯ ತಿಳಿದ ಒಪ್ಪಿಗೆ ಇಲ್ಲದೆ ಇಂಥ ಪರೀಕ್ಷೆಗೆ ಅವನನ್ನು ಸೇರಿಸುವಂತಿಲ್ಲ. ಮದ್ದಿನಿಂದ ಹಿತವೋ ಅಹಿತವೋ ಎಂಬುದು ನಿಜವಾಗಿ ತಿಳಿಯದಿದ್ದಾಗ ಮಾತ್ರ ಹೀಗೆ ಹಂಚುವುದು ಸಲ್ಲುತ್ತದೆ. ಮಾತ್ರೆಯ ಪರೀಕ್ಷೆಯಲ್ಲಿ ಸುರಕ್ಷಿತವಾಗಿದ್ದವರು ಹುಸಿಮಾತ್ರೆ ಪಡೆದವರೇ ಎಂಬುದನ್ನು ಮರೆಯಬಾರದು.

ಫಲವನ್ನು ಅಳೆದ ಕೋಲು ಬಹಳ ಸರಳವಾದುದು. ಆರು ನಿಮಿಷದಲ್ಲಿ ರೋಗಿ ಎಷ್ಟು ದೂರ ನಡೆಯಬಲ್ಲ? ಮೊದಲು ಸರಾಸರಿ ಸುಮಾರು 260 ಮೀಟರು ನಡೆಯುತ್ತಿದ್ದರು. 16 ವಾರಗಳ ಕೊನೆಯಲ್ಲಿ ಎರಡು ಪಂಗಡಗಳ ನಡುವಣ ಅಂತರ ಸುಮಾರು 31 ಮೀಟರು, ಮದ್ದಿನ ಪರವಾಗಿ. ರೋಗ ಉಲ್ಬಣಿಸಿದ ಪ್ರಸಂಗ ಮದ್ದು ಪಡೆದವರಲ್ಲಿ ನೂರಕ್ಕೆ ಸುಮಾರು 23, ಪಡೆಯದವರಲ್ಲಿ 33. ಕೆಮ್ಮು, ತಲೆನೋವು, ತಲೆಸುತ್ತು, ಓಕರಿಕೆ ಮೊದಲಾದ ತೊಂದರೆಗಳೂ ಕಂಡುವು. ಏರನ್ ವಾಕ್ಸ್‌ಮನ್ ಮತ್ತು ಸಹೋದ್ಯೋಗಿಗಳ ಈ ವರದಿ 2021ರ ಜನವರಿಯಲ್ಲಿ ಪ್ರಕಟವಾಯಿತು. ಮಾರ್ಚ್ ತಿಂಗಳಲ್ಲಿ ಅಮೆರಿಕದ ಔಷಧ ಆಡಳಿತ ಅನುಮತಿ ನೀಡಿತು. ಮೂವತ್ತು ಮೀಟರು ಏನು ಮಹಾ ಎನ್ನಬೇಡಿ. ಬಚ್ಚಲಿಗೆ ಹೋಗಲು ಇನ್ನೊಬ್ಬರ ಹೆಗಲು ಬೇಕಾದವರಿಗೆ ಅದು ದೊಡ್ಡ ದೂರ. ಆದರೆ ರೋಗ ಗುಣವಾಯಿತು, ಆಯುಸ್ಸು ಹೆಚ್ಚಿತು ಎಂದು ಈ ಅಂಕಿಗಳು ಹೇಳುವುದಿಲ್ಲ. ಹದಿನಾರು ವಾರದ ಪರೀಕ್ಷೆಗೆ ಆ ಮಾತಾಡುವ ಅಧಿಕಾರವಿಲ್ಲ.

ಇನ್ನೊಂದು ಸಂಗತಿಯನ್ನು ನೀವು ಅವಶ್ಯವಾಗಿ ತಿಳಿದಿರಬೇಕು. ಬೀಡಿ ಸಿಗರೇಟಿನ ಹೊಗೆಯಿಂದಲೂ, ನಮ್ಮ ಹಳ್ಳಿಗಳಲ್ಲಿ ಸೌದೆ ಒಲೆಯ ಹೊಗೆಯಿಂದಲೂ ಬರುವ ಶ್ವಾಸನಾಳ ಕಟ್ಟುವ ದೀರ್ಘರೋಗ ಬೇರೊಂದುಂಟು. ಅದರಲ್ಲಿಯೂ ಈ ಒತ್ತಡ ಏರಬಹುದು. ಅದೇ ಮದ್ದು, ಅದೇ ಮಂಜು, ಅದೇ ತರ್ಕ, ಇಲ್ಲಿಯೂ ಫಲಿಸಬೇಕಲ್ಲವೆ? ‘ಪರ್ಫೆಕ್ಟ್’ ಎಂಬ ಪರೀಕ್ಷೆಯಲ್ಲಿ ಅದನ್ನು ನೋಡಿದರು. ಗಂಭೀರ ತೊಂದರೆಗಳು ಹೆಚ್ಚಿದ್ದರಿಂದ ಮೇಲ್ವಿಚಾರಣಾ ಸಮಿತಿಯ ಸಲಹೆಯಂತೆ ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಹೀಗೆ ಎರಡು ರೋಗಗಳ ಏದುಸಿರು ಹೊರಗೆ ಒಂದೇ ಬಗೆಯಾಗಿ ಕಂಡರೂ ಒಂದರ ಮದ್ದು ಇನ್ನೊಂದಕ್ಕೆ ಹಾನಿಯಾಯಿತು.

ಆದಕಾರಣ ಹೊಸ ಮದ್ದಿನ ಸುದ್ದಿ ಕಿವಿಗೆ ಬಿದ್ದಾಗ ವೈದ್ಯರನ್ನು ಮೂರು ಮಾತು ಕೇಳಿರಿ. ನಮ್ಮವರದು ಯಾವ ರೋಗ? ಒತ್ತಡವನ್ನು ಅಳೆದು ಖಚಿತಪಡಿಸಿದ್ದೀರಾ? ಈ ರೋಗದವರಲ್ಲಿಯೇ ಈ ಮದ್ದಿನ ಪರೀಕ್ಷೆ ನಡೆದಿದೆಯೆ? ಈ ಮೂರಕ್ಕೂ ಉತ್ತರ ದೊರೆತ ಮೇಲೆ ಮದ್ದಿನ ಮಾತನ್ನು ಎತ್ತಬಹುದು. ಅಲ್ಲಿಯವರೆಗೆ ಬೀಡಿಯನ್ನು ಬಿಡುವುದಕ್ಕೆ, ಅಡುಗೆಮನೆಯ ಹೊಗೆಗೆ ಹೊರದಾರಿ ಮಾಡುವುದಕ್ಕೆ ಯಾರ ಅನುಮತಿಗೂ ಕಾಯಬೇಕಾಗಿಲ್ಲ.