ಉರಿಯ ಬಾಗಿಲಿಗೆ ಉಕ್ಕಿನ ಕದ

ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣವು ಸುತ್ತಿಗೆಯ ಪೆಟ್ಟಿಗೆ ಹೇಗೆ ಮಣಿಯುತ್ತದೆಂಬುದನ್ನು ನಾವು ಬಲ್ಲೆವು. ಅದೇ ಬಣ್ಣಕ್ಕೆ ಕಾದ ಲೋಹದ ತುಂಡೊಂದು ಸೆಕೆಂಡಿಗೆ 75 ಸಲ ಮೇಲೆದ್ದು, 75 ಸಲ ತನ್ನ ಪೀಠದ ಮೇಲೆ ಬಡಿದು ಕೂರಬೇಕು. ಆದರೂ ಬಾಗಕೂಡದು, ಬಿರಿಯಕೂಡದು, ಕೂದಲೆಳೆಯಷ್ಟು ಸಂದನ್ನೂ ಬಿಡಕೂಡದು. ಇದು ಸಾಧ್ಯವೆ? ಪಂದ್ಯದ ಕಾರಿನ ಎಂಜಿನಿನಲ್ಲಿ ನಿಷ್ಕಾಸ ಕವಾಟವು ಮಾಡಬೇಕಾದ ಕೆಲಸವು ಇದೇ ಆಗಿದೆ.

ಎಂಜಿನಿನ ಪ್ರತಿಯೊಂದು ಸಿಲಿಂಡರಿಗೂ ಎರಡು ಬಗೆಯ ಬಾಗಿಲುಗಳುಂಟು. ಒಂದರಿಂದ ಗಾಳಿ ಮತ್ತು ಇಂಧನದ ಮಿಶ್ರಣವು ಒಳಕ್ಕೆ ಬರುತ್ತದೆ. ಇನ್ನೊಂದರಿಂದ ಉರಿದ ಅನಿಲಗಳು ಹೊರಕ್ಕೆ ಹೋಗುತ್ತವೆ. ಮೊದಲನೆಯದಕ್ಕೆ ಹೊಸ ಮಿಶ್ರಣದ ತಂಪು ದೊರೆಯುತ್ತದೆ. ಎರಡನೆಯದಾದ ನಿಷ್ಕಾಸ ಕವಾಟಕ್ಕೆ ಆ ಭಾಗ್ಯವಿಲ್ಲ. ಮುಚ್ಚಿರುವಾಗ ಅದರ ಮುಖಕ್ಕೆ ಉರಿ ಬಡಿಯುತ್ತದೆ. ತೆರೆದಾಗ ಬಿಸಿ ಅನಿಲವು ಅದರ ಕೊರಳನ್ನೂ ಸವರಿಕೊಂಡು ಹೋಗುತ್ತದೆ. ನಾಲ್ಕು ಹೊಡೆತಗಳ ಎಂಜಿನಿನಲ್ಲಿ ಪ್ರತಿ ಎರಡು ಸುತ್ತಿಗೊಮ್ಮೆ ಈ ಕದವು ತೆರೆಯುವುದರಿಂದ, ನಿಮಿಷಕ್ಕೆ 9,000 ಸುತ್ತು ತಿರುಗುವ ಎಂಜಿನಿನಲ್ಲಿ ಸೆಕೆಂಡಿಗೆ 75 ಸಲ ಎಂಬ ಲೆಕ್ಕ ಬರುತ್ತದೆ.

ಇನ್ನು ಸೂಪರ್‌ಚಾರ್ಜರ್ ಎಂಬ ಗಾಳಿಯೊತ್ತುವ ಯಂತ್ರವನ್ನು ಜೋಡಿಸಿದರಂತೂ ಕಷ್ಟವು ಇಮ್ಮಡಿಯಾಗುತ್ತದೆ. ಅದು ಸಿಲಿಂಡರಿನೊಳಕ್ಕೆ ಹೆಚ್ಚು ಗಾಳಿಯನ್ನು ತುರುಕುತ್ತದೆ. ಹೆಚ್ಚು ಗಾಳಿಗೆ ಹೆಚ್ಚು ಇಂಧನ, ಹೆಚ್ಚು ಇಂಧನಕ್ಕೆ ಹೆಚ್ಚು ಉಷ್ಣ. ಇಟಲಿಯ ಆಲ್ಫಾ ರೋಮಿಯೊ 159 ಎಂಬ ಕಾರು 1951ರಲ್ಲಿ ಕೇವಲ ಒಂದೂವರೆ ಲೀಟರಿನ ಎಂಜಿನಿನಿಂದ ಸುಮಾರು 420 ಅಶ್ವಶಕ್ತಿಯನ್ನು ಪಡೆಯುತ್ತಿತ್ತು. ಆ ಉರಿಯೆಲ್ಲ ಹೊರಹೋಗಬೇಕಾದದ್ದು ಇದೇ ಚಿಕ್ಕ ಬಾಗಿಲುಗಳಿಂದ.

ಕವಾಟವು ಕೆಡುವುದು ಹೇಗೆ? ಅದಕ್ಕೆ ತಗಲಿದ ಉಷ್ಣದ ಬಹುಪಾಲು, ಅದು ಮುಚ್ಚಿ ಕುಳಿತಿರುವಾಗ, ಅಂಚಿನಿಂದ ಪೀಠಕ್ಕೂ ಪೀಠದಿಂದ ತಂಪು ನೀರಿಗೂ ಹರಿಯುತ್ತದೆ. ಉಳಿದದ್ದು ಕಾಂಡದ ಮೂಲಕ, ಕಾಂಡವು ಆಡುವ ಕೊಳವೆಗೆ ಹೋಗುತ್ತದೆ. ಆದುದರಿಂದ ಪೀಠದ ಮೇಲೆ ಇದ್ದಿಲಿನ ಕಣವೊಂದು ಸಿಕ್ಕಿಕೊಂಡರೂ, ಕಾದು ಉದ್ದವಾದ ಕಾಂಡಕ್ಕೆ ಬೇಕಾದಷ್ಟು ಎಡೆಯನ್ನು ಮೇಲ್ಗಡೆ ಬಿಡದೆಹೋದರೂ, ಕದವು ಪೂರ್ತಿಯಾಗಿ ಮುಚ್ಚುವುದಿಲ್ಲ. ಆ ಸಂದಿನಲ್ಲಿ ಉರಿಯು ಬೆಸುಗೆಗಾರನ ಜ್ವಾಲೆಯಂತೆ ನುಗ್ಗಿ ಅಂಚನ್ನು ಕೊರೆಯುತ್ತದೆ. ಸಂದು ದೊಡ್ಡದಾದಷ್ಟೂ ಉರಿ ಹೆಚ್ಚು, ಉರಿ ಹೆಚ್ಚಿದಷ್ಟೂ ಸಂದು ದೊಡ್ಡದು! ಆದಕಾರಣ ಸಾಕಷ್ಟು ಅಗಲದ ಪೀಠ, ಸವೆಯದ ಕೊಳವೆ, ಸರಿಯಾದ ಎಡೆ ಇವು ಮೂರೂ ಮೊದಲ ರಕ್ಷಣೆಗಳು.

ಎರಡನೆಯ ರಕ್ಷಣೆಯು ಲೋಹವಿಜ್ಞಾನದಿಂದ ಬಂದಿತು. ಕ್ರೋಮಿಯಂ ಮತ್ತು ನಿಕಲ್ ಬೆರೆತ ಉಕ್ಕು ಸಾಮಾನ್ಯ ಉಕ್ಕಿಗಿಂತ ಹೆಚ್ಚಿನ ಉಷ್ಣವನ್ನು ತಡೆಯುತ್ತದೆ. ಕೋಬಾಲ್ಟ್ ಪ್ರಧಾನವಾದ ಸ್ಟೆಲೈಟ್ ಎಂಬ ಮಿಶ್ರಲೋಹವನ್ನು ಅಂಚಿಗೆ ಲೇಪಿಸಿದರೆ ಆ ಅಂಚು ಕಾದಾಗಲೂ ಗಡಸಾಗಿಯೇ ಉಳಿಯುತ್ತದೆ.

ಮೂರನೆಯ ಉಪಾಯವು ಎಲ್ಲಕ್ಕಿಂತ ವಿಚಿತ್ರವಾದುದು. ಇಂಗ್ಲೆಂಡಿನಲ್ಲಿ ಹುಟ್ಟಿ, 1921ರಲ್ಲಿ ಅಮೆರಿಕಕ್ಕೆ ಹೋದ ಸ್ಯಾಮ್ ಹೆರನ್ ಎಂಬ ಎಂಜಿನಿಯರು ವಿಮಾನದ ಎಂಜಿನುಗಳಿಗಾಗಿ ಟೊಳ್ಳು ಕಾಂಡದ ಕವಾಟವನ್ನು ರೂಪಿಸಿ, ಟೊಳ್ಳಿನ ಒಂದು ಭಾಗಕ್ಕೆ ಸೋಡಿಯಂ ತುಂಬಿದನು. ಸೋಡಿಯಂ ಕರಗುವುದು 98 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಕುದಿಯುವುದು 883 ಡಿಗ್ರಿಯಲ್ಲಿ. ಎಂಜಿನು ಕಾದೊಡನೆ ಅದು ದ್ರವವಾಗಿ, ಕವಾಟವು ಮೇಲೆ ಕೆಳಗೆ ಆಡುವಾಗ ತಾನೂ ಕುಲುಕಾಡುತ್ತ, ತಲೆಯ ಉಷ್ಣವನ್ನು ಹೊತ್ತು ಕಾಂಡಕ್ಕೆ ಮುಟ್ಟಿಸುತ್ತದೆ. ಪಾದರಸವು ಈ ಕೆಲಸಕ್ಕೆ ಒಗ್ಗದು. ಅದು ಉಕ್ಕಿನ ಮೈಗೆ ಅಂಟುವುದಿಲ್ಲ, ಮೇಲಾಗಿ 357 ಡಿಗ್ರಿಯಲ್ಲೇ ಕುದಿದು ಟೊಳ್ಳಿನೊಳಗೆ ಒತ್ತಡವನ್ನು ಏರಿಸುತ್ತದೆ. ನೀರು ಸೋಕಿದರೆ ಸೋಡಿಯಂ ಸಿಡಿಯುವುದರಿಂದ, ಇಂಥ ಹಳೆಯ ಕವಾಟವನ್ನು ಕುತೂಹಲಕ್ಕೆಂದು ಕತ್ತರಿಸುವುದು ಅಪಾಯಕರ.

ನಾಲ್ಕನೆಯ ರಕ್ಷಣೆ ಇಂಧನದಲ್ಲಿಯೇ ಇದೆ. ಬೆಂಕಿಗೆ ತುಪ್ಪ ಸುರಿದರೆ ಉರಿ ಹೆಚ್ಚುತ್ತದೆಂಬುದು ಲೋಕಾನುಭವ. ಆದರೆ ಮೆಥೆನಾಲ್ ಎಂಬ ಮದ್ಯಸಾರವನ್ನು ಹೆಚ್ಚಾಗಿ ಸುರಿದರೆ ಎಂಜಿನು ತಂಪಾಗುತ್ತದೆ! ಮಣ್ಣಿನ ಹೂಜಿಯ ನೀರು ತಣ್ಣಗಾಗುವ ತತ್ತ್ವವೇ ಇಲ್ಲಿಯದೂ. ಒಂದು ಗ್ರಾಂ ಪೆಟ್ರೋಲು ಆವಿಯಾಗಲು ಸುಮಾರು 80 ಕ್ಯಾಲೊರಿ ಉಷ್ಣವನ್ನು ಹೀರಿದರೆ, ಒಂದು ಗ್ರಾಂ ಮೆಥೆನಾಲ್ ಸುಮಾರು 260 ಕ್ಯಾಲೊರಿಯನ್ನು ಹೀರುತ್ತದೆ. ಅಷ್ಟೇ ಅಲ್ಲ; ಒಂದು ಗ್ರಾಂ ಪೆಟ್ರೋಲು ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು, ಮೆಥೆನಾಲಿಗೆ ಆರೂವರೆ ಗ್ರಾಂ ಸಾಕು. ಎಂದರೆ ಅಷ್ಟೇ ಗಾಳಿಗೆ ಇಮ್ಮಡಿಗೂ ಮಿಕ್ಕಿದ ಇಂಧನವನ್ನು ಕೊಡಬಹುದು. ಎರಡನ್ನೂ ಗುಣಿಸಿದರೆ ಮೆಥೆನಾಲಿನ ತಂಪು ಪೆಟ್ರೋಲಿನದಕ್ಕಿಂತ ಸುಮಾರು ಏಳು ಪಟ್ಟು ಹೆಚ್ಚೆಂದು ತಿಳಿಯುತ್ತದೆ.

ಆದರೆ ಮೆಥೆನಾಲಿಗೆ ಒಂದು ದೋಷವುಂಟು: ಕೆಂಪಗೆ ಕಾದ ಮೇಲ್ಮೈ ಸೋಕಿದರೆ ಅದು ಕಿಡಿಯನ್ನು ಕಾಯದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅತಿಯಾಗಿ ಕಾದ ಕವಾಟವು ಹೀಗೆ ತಾನೇ ಬೆಂಕಿಕಡ್ಡಿಯಾಗಿ, ತನ್ನನ್ನೂ ಪಿಸ್ಟನನ್ನೂ ಹಾಳುಮಾಡಬಲ್ಲದು. ಆದ್ದರಿಂದ ಅತಿವೇಗದಲ್ಲಿಯೂ ಇಂಧನದ ಪೂರೈಕೆ ಕುಗ್ಗದಂತೆ ನೋಡಿಕೊಳ್ಳಬೇಕು. ಕಿಡಿಯು ತಡವಾಗಲೂಬಾರದು, ತಡವಾದರೆ ಮಿಶ್ರಣವು ಇನ್ನೂ ಉರಿಯುತ್ತಿರುವಾಗಲೇ ನಿಷ್ಕಾಸದ ಬಾಗಿಲು ತೆರೆದು, ಆ ಉರಿಯು ಕವಾಟದ ಮೇಲೆಯೇ ಹಾಯುತ್ತದೆ.

ಆಲ್ಫಾ ಎಂಜಿನಿಯರುಗಳು ಈ ತಂಪನ್ನು ಧಾರಾಳವಾಗಿ ಬಳಸಿದರು. ಎರಡು ಬಾಗಿಲುಗಳೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುವಂತೆ ಮಾಡಿ, ತಂಪಾದ ಹೊಸ ಮಿಶ್ರಣದ ಒಂದಂಶವು ನಿಷ್ಕಾಸ ಕವಾಟವನ್ನು ತೊಳೆದುಕೊಂಡು ಉರಿಯದೆಯೇ ಹೊರಹೋಗಲು ಬಿಟ್ಟರು. ಎಂಜಿನು ಉಳಿಯಿತು, ಆದರೆ ಆ ಕಾರು ಒಂದು ಕಿಲೊಮೀಟರು ಓಡಲು ಒಂದೂವರೆ ಲೀಟರಿಗೂ ಹೆಚ್ಚು ಇಂಧನವನ್ನು ಕುಡಿಯುತ್ತಿತ್ತು. 1951ರ ಜುಲೈ 14ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ಇದರ ಬೆಲೆಯನ್ನು ತೆರಬೇಕಾಯಿತು. 1950ರಿಂದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ತಾನು ಸ್ಪರ್ಧಿಸಿದ ಪಂದ್ಯಗಳನ್ನೆಲ್ಲ ಗೆಲ್ಲುತ್ತ ಬಂದಿದ್ದ ಆಲ್ಫಾ, ಅಂದು ಸೂಪರ್‌ಚಾರ್ಜರಿಲ್ಲದ ನಾಲ್ಕೂವರೆ ಲೀಟರಿನ ಫೆರಾರಿಗೆ ಸೋತಿತು. ಫೆರಾರಿಗೆ ಅಷ್ಟೊಂದು ಇಂಧನವನ್ನು ಹೊರುವ ಅಗತ್ಯವಾಗಲಿ, ಅದನ್ನು ತುಂಬಿಸಿಕೊಳ್ಳಲು ಅಷ್ಟು ಹೊತ್ತು ನಿಲ್ಲುವ ಅಗತ್ಯವಾಗಲಿ ಇರಲಿಲ್ಲ.

ಅಮೆರಿಕದ ಡ್ರ್ಯಾಗ್ ಪಂದ್ಯಗಳಲ್ಲಿ ಸೂಪರ್‌ಚಾರ್ಜರುಳ್ಳ ಮೆಥೆನಾಲ್ ಎಂಜಿನುಗಳು ಇಂದಿಗೂ ಓಡುತ್ತಿವೆ. ಅಲ್ಲಿ ಓಟವು ಕೆಲವೇ ಸೆಕೆಂಡುಗಳದಾದ್ದರಿಂದ ಇಂಧನದ ದುಂದು ಅಷ್ಟಾಗಿ ಕಾಡುವುದಿಲ್ಲ. ದೂರದ ಓಟದಲ್ಲಿಯಾದರೋ ಇಂಧನದಿಂದ ಪಡೆದ ತಂಪಿಗೆ ಭಾರದಲ್ಲಿಯೂ ಕಾಲದಲ್ಲಿಯೂ ಬೆಲೆ ಕಟ್ಟಬೇಕು. ಪೀಠ, ಲೋಹ, ಸೋಡಿಯಂ ಇವುಗಳಿಂದ ಉಷ್ಣಕ್ಕೆ ಎಷ್ಟು ದಾರಿಯನ್ನು ಮಾಡಿಕೊಟ್ಟರೆ, ಇಂಧನದ ಪೀಪಾಯಿಯಿಂದ ಅಷ್ಟು ಕಡಿಮೆ ಸಾಲ ಮಾಡಿದರೆ ಸಾಕು.